ಸುಧಾರಣಾ ಮಂದಿರದ ಜಡೆಗಳು

"ಕೂದಲ ಬಾವಿಗೆ ಒಗೀಬ್ಯಾಡ್ರಿ ಮೇಡಂ, ಕೂದಲದಾಕಿ ಕೈಯಾಗ ಕೊಡ್ರಿ," ಎಂದಳು ಅಡಿಗೆಯ ಪೀರಾಂಬಿ. "ಹಿಂದಿನ ಮೇಡಮ್ಮಾರೂ ನಕ್ಕಿದ್ರು. ಅವರ ಮಣ್ಣಿಗೆ ನಾ ಹೋಗಿದ್ದೆ. ಹೆಣದ ಬಾಯಿ ಮುಚ್ಚಾಕ ಬರಲಿಲ್ರಿ."

ರೇಣುಕಾ ಕತ್ತರಿ ಕಚಕಚ ಆಡಿಸಿದಳು. "ಮಾಟ ಅಂತ ಮಾಟ! ಹೋಗಿ ರೊಟ್ಟಿ ಬಡಿ ಹೋಗ."

ಭೂತನಾಳ ದಾರಿಯ ಜಾಲಿಕಂಟಿಗಳ ನಡುವಿನ ಆ ಬಾಲಕಿಯರ ಸುಧಾರಣಾ ಮಂದಿರಕ್ಕೆ ಅವಳು ಧಾರವಾಡದಿಂದ ಮೇಲ್ವಿಚಾರಕಿಯಾಗಿ ಬಂದು ವಾರವೂ ಆಗಿರಲಿಲ್ಲ. ಒಳಗೆ ಬಂದ ಹುಡುಗಿಯ ಕೂದಲು ಕತ್ತರಿಸುವುದು ಅಲ್ಲಿನ ಹಳೆಯ ಪದ್ಧತಿ. ಯಾವುದೋ ತರಬೇತಿಯಲ್ಲಿ ಅವಳು ಸ್ವೀಡನ್ ದೇಶದ ಹಿಂದಿನ ಸುಧಾರಣಾ ಶಾಲೆಗಳ ಕತೆ ಕೇಳಿದ್ದಳು. ಅಲ್ಲಿ ಹುಡುಗ ಕದ್ದರೆ ತಪ್ಪು, ಹುಡುಗಿ ಸಂಜೆ ತಿರುಗಾಡಿದರೂ ತಪ್ಪು. ಹಿಡಿದು ತಂದು, ಬಟ್ಟೆ ಒಗೆಸಿ, ನೆಲ ಒರೆಸಲು ಹಚ್ಚಿ 'ಒಳ್ಳೆಯ ಹೆಣ್ಣು' ಮಾಡುತ್ತಿದ್ದರಂತೆ. ಹೇಳಿದವರು ನಾಚಿಕೆಪಟ್ಟು ಹೇಳಿದ್ದರು. ಈ ಮಹಾತಾಯಿ ಅದನ್ನೇ ಪಾಠವೆಂದು ಗಂಟು ಕಟ್ಟಿಕೊಂಡು ಬಂದಿದ್ದಳು!

ಅಂದು ಬಂದ ಜೈನಾಪುರದ ಕಸ್ತೂರಿ ಮಾಡಿದ್ದಾದರೂ ಏನು? ಓಣಿಯ ಹುಡುಗನ ಬೈಕು ಹತ್ತಿ ಬಬಲೇಶ್ವರಕ್ಕೆ ಹೋಗಿ ಐಸ್‌ಕ್ರೀಮ್ ತಿಂದಿದ್ದಳು. ಅವನಿಗೆ ಅವನಪ್ಪ ಎರಡು ಬಡಿದು ಊಟಕ್ಕೆ ಕರೆದ. ಇವಳನ್ನು ತಂದು ಇಲ್ಲಿ ಕೀಲಿ ಹಾಕಿದರು.

"ಮನಿಗೆ ಕಳಸ್ರಿ, ಪರೀಕ್ಷಾ ಐತ್ರಿ," ಎಂದು ಅವಳು ಕಾಲು ಹಿಡಿದಳು. ರೇಣುಕಾ ಅವಳ ಸೊಂಟದುದ್ದದ ಜಡೆಯನ್ನು ಬುಡಕ್ಕೇ ಕತ್ತರಿಸಿ ಹಿತ್ತಲ ಪಾಳುಬಾವಿಗೆ ಎಸೆದಳು.

ಮಧ್ಯಾಹ್ನ ರೇಣುಕಾಳ ರೊಟ್ಟಿಯಲ್ಲಿ ಕೂದಲು ಸಿಕ್ಕಿತು. ಎಳೆದರೆ ಬದನೆಕಾಯಿ ಪಲ್ಯದ ಎಣ್ಣೆ ಸೋರಿಸುತ್ತ ಮೊಳದುದ್ದ ಬಂತು. "ಛೀ, ಹೊಲಸ ಮುದುಕಿ!" ಎಂದು ತಾಟು ಒಗೆದಳು. ಆದರೆ ಬಾಯಲ್ಲೂ ಏನೋ ಇತ್ತು. ನಾಲಿಗೆಗೆ ಸುತ್ತಿಕೊಂಡಿತ್ತು. ಮುಗ್ಗಿದ ಕೊಬ್ಬರಿ ಎಣ್ಣೆಯ ನಾತ, ಹೇನಿನ ಔಷಧದ ಘಾಟು, ಬಾವಿಯ ಕೊಳೆತ ನೀರಿನ ಗಬ್ಬು.

ಬೆರಳು ಹಾಕಿ ಎಳೆದಳು. ಬಂತು. ಮತ್ತೂ ಬಂತು. ಕಸ್ತೂರಿಯ ಜಡೆ ಮುಗಿದ ಮೇಲೆ ಬೇರೆಯದು. ಲೋಳೆ ಹಿಡಿದದ್ದು. ಹಳೆಯ ರಿಬ್ಬನ್ನಿನ ಸಮೇತ. ಎಷ್ಟು ಹುಡುಗಿಯರದೋ! ಹೇನು ಹರಿದಾಡಿದವು. ಹಲ್ಲಿನ ನಡುವೆ ಚಿಟ್ಟೆಂದು ಒಡೆದವು. ವಾಂತಿ ಉಕ್ಕಿತು. ಹೊರಗೆ ದಾರಿಯಿಲ್ಲದೆ ಒಳಗೇ ಇಳಿಯಿತು.

"ಯಾ ಅಲ್ಲಾ! ಕಸ್ತೂರಿ, ಬಾರವ್ವಾ!" ಪೀರಾಂಬಿ ಚೀರಿದಳು. "ನಿನ್ನ ಕೂದಲಕ್ಕ ನೀನ ಉಗುಳು. ಬಾಚಿದ ಕೂದಲಕ್ಕ ಉಗುಳಿ ಒಗೀತೀವಲ್ಲ, ಹಂಗ. ಕಡೀಕ ಒಗದ ಕೂದಲದಾಕಿ ಉಗುಳಿದ್ರನ ಎಲ್ಲಾ ಬಿಡ್ತೈತಿ."

ಪಡಸಾಲೆಯ ನೆಲ ಒರೆಸುತ್ತಿದ್ದ ಕಸ್ತೂರಿ ಓಡಿ ಬಂದು ನಿಂತು ನೋಡಿದಳು. ಆಮೇಲೆ ಕೈ ಚಾಚಿದಳು. "ಕೀಲಿ ಕೊಡ್ರಿ."

ರೇಣುಕಾ ಸೊಂಟದಿಂದ ಕೀಲಿಗೊಂಚಲು ಕಿತ್ತು ಕೊಟ್ಟಳು. ಮುಖ ನೀಲಿಗಟ್ಟಿತ್ತು. ಮೂಗಿನಿಂದಲೂ ಎಳೆಗಳು ಇಳಿಯುತ್ತಿದ್ದವು. ಕೈ ಮುಗಿದಳು. ಕಣ್ಣಲ್ಲೇ ಬೇಡಿದಳು.

ಕಸ್ತೂರಿ ಕೋಣೆಗಳ ಬಾಗಿಲು ತೆಗೆದಳು. ಮೋಟುಗೂದಲಿನ ಹುಡುಗಿಯರು ಒಬ್ಬೊಬ್ಬರೇ ಹೊರಗೆ ಬಂದರು.

"ಉಗುಳವ್ವಾ, ಸಾಯ್ತಾಳ ಆಕಿ!" ಪೀರಾಂಬಿ ಗೋಗರೆದಳು.

"ನನಗ ಹೇಸಿಕಿ ಬರ್ತೈತಿ ಬೇ," ಎಂದಳು ಕಸ್ತೂರಿ. ಬಾಯಿಗೆ ಬಂದ ಉಗುಳನ್ನು ಗಟಕ್ಕನೆ ನುಂಗಿ, ಗೇಟು ತೆಗೆದು ಬಿಸಿಲಿಗೆ ಇಳಿದಳು.