ಹನ್ನೊಂದು ವರ್ಷದ ಅಡುಗೆಮನೆ

"ಕಳ್ಳ ಯಾರು? ನಾನಾ? ಬಾಯಿ ಬಿಟ್ಟು ಹೇಳು!"

"ಕಳ್ಳ ಅಂತ ನಾನು ಹೇಳ್ಲಿಲ್ಲ ಮಾರಾಯ. ಡಬ್ಬಿ ನಿನ್ನ ಅಂಗಡಿಯಿಂದ ಬಂದದ್ದು. ಒಳಗೆ ಗುಜರಿ ಉಂಟು. ನಿನ್ನ ಹತ್ರ ಅಲ್ಲದೆ ಮತ್ತೆ ಯಾರ ಹತ್ರ ಕೇಳುದು?"

"ಇದೆಂತ ಸ್ಟೇಷನ್ನಾ, ಮೀನು ಮಾರ್ಕೆಟ್ಟಾ?" ಇನ್‌ಸ್ಪೆಕ್ಟರ್ ನಳಿನಾಕ್ಷಿ ಒಳಗಿನಿಂದ ಬಂದರು. ಇಬ್ಬರೂ ಬಾಯಿ ಮುಚ್ಚಿದರು.

ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆ. ಕೂಗಾಡುತ್ತಿದ್ದವನು ಪಂಪ್‌ವೆಲ್‌ನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡ ಇಜಾಝ್. ಎದುರಿಗಿದ್ದವನು ಹಾರ್ಡ್ ಡಿಸ್ಕ್ ಕಂಪೆನಿಯ ಸರ್ವಿಸ್ ಸೆಂಟರಿನ ರೋಷನ್. ಮೇಜಿನ ಮೇಲೆ ಐದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕುಗಳು. ಕೊಂಡವರು ಓಡುವುದಿಲ್ಲವೆಂದು ವಾಪಸು ತಂದಿದ್ದರು. ಇಜಾಝ್ ಅವರಿಗೆ ಹೊಸತು ಕೊಟ್ಟು, ಇವನ್ನು ಕಂಪೆನಿಗೆ ಕಳಿಸಿದ್ದ. ಬಿಚ್ಚಿದರೆ ಒಳಗಿದ್ದದ್ದು ಯಾವುದೋ ಹಳೆ ಡಿಸ್ಕು. ಈಗ ಕಂಪೆನಿ ಅವನಿಗೆ ಮಾಲು ಕೊಡುವುದನ್ನೇ ನಿಲ್ಲಿಸಿತ್ತು.

"ತಂದವನ ಮುಖ?"

"ನೆನಪಿಲ್ಲ ಮೇಡಂ. ಐದು ತಿಂಗಳಲ್ಲಿ ಐದು ಸಲ, ಬೇರೆ ಬೇರೆ ಹೆಸರು. ಕೊಟ್ಟ ಫೋನ್ ನಂಬರೆಲ್ಲ ಸುಳ್ಳು."

"ಹಳೆ ಡಿಸ್ಕು ತುಂಬಿಸಿ ಅವನಿಗೆ ಎಂತ ಲಾಭ?"

ರೋಷನ್ ವಿವರಿಸಿದ. "ಡಿಸ್ಕು ಮಾತ್ರ ಬಿಡಿಯಾಗಿ ಕೊಂಡ್ರೆ ದುಬಾರಿ, ಡಬ್ಬಿ ಸಮೇತ ಕೊಂಡ್ರೆ ಅಗ್ಗ. ಹಾಗಾಗಿ ಕೆಲವರು ಡಬ್ಬಿ ಬಿಚ್ಚಿ ಡಿಸ್ಕು ತೆಗೆದು, ಮನೆಯಲ್ಲಿ ಫೈಲು ತುಂಬಿಸಿಡುವ ಸರ್ವರ್ ಪೆಟ್ಟಿಗೆಗೆ ಹಾಕ್ತಾರೆ."

"ಅದು ಅಪರಾಧವಾ?"

"ಅದಲ್ಲ. ಖಾಲಿ ಡಬ್ಬಿಗೆ ಗುಜರಿ ತುಂಬಿಸಿ ವಾಪಸು ಕೊಟ್ಟು, ಪುಕ್ಕಟೆ ಹೊಸತು ತಕೊಳ್ಳುದು ಅಪರಾಧ."

ವಂಚನೆಯ ಎಫ್‌ಐಆರ್ ದಾಖಲಾಯಿತು. ಡಿಸ್ಕುಗಳು ಸೈಬರ್ ವಿಭಾಗಕ್ಕೆ ಹೋದವು. ನಾಲ್ಕು ಸತ್ತಿದ್ದವು. ಒಂದು ಓಡಿತು.

ಅದರಲ್ಲಿದ್ದದ್ದು ಒಂದು ಅಡುಗೆಮನೆಯ ಕ್ಯಾಮೆರಾ ದೃಶ್ಯ, ಅಷ್ಟೆ. ಹೆಂಗಸೊಬ್ಬಳು ಬಂಗುಡೆ ಮೀನು ಕೊಯ್ಯುತ್ತಾಳೆ. ಸಣ್ಣ ಹುಡುಗಿ ನೆಲದಲ್ಲಿ ಕೂತು ಬರೆಯುತ್ತಾಳೆ. ಗಂಟೆಗಟ್ಟಲೆ ಅದೇ. ಕಿಟಕಿಯಾಚೆ ಸೇತುವೆಯ ಮೇಲೆ ಲಾರಿಗಳು ಸಾಲುಗಟ್ಟಿ ನಿಂತಿದ್ದವು.

"ಕೂಳೂರು ಸಂಕ ಮೇಡಂ," ಎಂದ ಹೆಡ್ ಕಾನ್‌ಸ್ಟೆಬಲ್ ಜಯ. "ದಿನಾ ಅದೇ ಬ್ಲಾಕ್‌ನಲ್ಲಿ ಸಾಯ್ತೇನೆ. ಗೊತ್ತಾಗದೆ ಉಂಟಾ?"

ಮರುದಿನ ಇಬ್ಬರೂ ಹೊಳೆಬದಿಯಲ್ಲಿ ನಡೆದರು. ಸೇತುವೆ ಅದೇ ಓರೆಯಲ್ಲಿ ಕಾಣುವ ಕಿಟಕಿ ಮೂರನೆಯ ಓಣಿಯ ಮನೆಯಲ್ಲಿ ಸಿಕ್ಕಿತು. ಬಾಗಿಲು ತೆರೆದವನು ಮುಖೇಶ್. ಪಣಂಬೂರಿನ ಗೋದಾಮೊಂದರಲ್ಲಿ ಕೆಲಸ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಒಲೆಯ ಮೇಲೆ ಧೂಳು ಕೂತಿತ್ತು. ಮಲಗುವ ಕೋಣೆಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ, ಒಳಗೆ ಸಾಲಾಗಿ ಹತ್ತು ಡಿಸ್ಕು. ಅದರ ಫ್ಯಾನು ಗುಂಯ್‌ಗುಡುತ್ತಿತ್ತು.

"ಇಜಾಝ್ ಅಂಗಡಿಗೆ ಹಳೆ ಡಿಸ್ಕು ವಾಪಸು ಕೊಟ್ಟದ್ದು ನೀವಾ?"

"ಯಾವ ಇಜಾಝ್? ನನಗೆ ಗೊತ್ತಿಲ್ಲ."

"ಗೊತ್ತಿಲ್ವಾ? ಒಂದು ಡಿಸ್ಕಿನಲ್ಲಿ ನಿಮ್ಮ ಅಡುಗೆಮನೆ ಉಂಟಲ್ಲ."

ಮುಖೇಶ್ ಕೂತಲ್ಲಿಂದ ಎದ್ದ. "ಅದು ಓಡ್ತದಾ?"

"ಓಡ್ತದೆ."

"ಯಾವ ವರ್ಷದ್ದು ಮೇಡಂ? ಮಗಳು ಒಂದನೇ ಕ್ಲಾಸಲ್ಲಿ ಇರುವಾಗಿನದ್ದಾ? ಅದು ಸತ್ತಿದೆ ಅಂತಲೇ ನಾನು ಡಬ್ಬಿಗೆ ಹಾಕಿ..."

ಅಲ್ಲಿಗೆ ನಿಲ್ಲಿಸಿದ. ಇನ್ನು ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ಪಂಚರನ್ನು ಕರೆಸಿ ಮಹಜರು ಬರೆಯಲಾಯಿತು.

"ನನ್ನನ್ನು ಕರ್ಕೊಂಡು ಹೋಗಿ," ಎಂದ ಮುಖೇಶ್. "ಪೆಟ್ಟಿಗೆ ಬಿಡಿ. ಒಂದೊಂದು ವಿಡಿಯೊವೂ ಹತ್ತು ಡಿಸ್ಕಿಗೂ ಹಂಚಿ ಉಂಟು, ಇಜಾಝ್‌ನ ಡಿಸ್ಕು ತೆಗೆದ್ರೆ ಉಳಿದದ್ದನ್ನೂ ಓದ್ಲಿಕ್ಕೆ ಆಗುದಿಲ್ಲ. ಎಲ್ಲ ಹೋಗ್ತದೆ."

"ಪೆಟ್ಟಿಗೆಯೇ ಕೇಸಿನ ಸೊತ್ತು. ಬಿಡುವುದು ಹೇಗೆ?"

ಜಯ ಸ್ವಿಚ್ ಆರಿಸಿದ. ಆ ಮನೆಯಲ್ಲಿದ್ದ ಸದ್ದು ಅದೊಂದೇ. ಅದೂ ನಿಂತಿತು. ಮಧ್ಯಾಹ್ನ ಒಂದೂವರೆಗೆ ಮುಖೇಶನ ಬಂಧನವಾಯಿತು.

ಹೇಳಿಕೆಗಾಗಿ ಹೆಂಡತಿ ಸಂಚಿತಾಳನ್ನು ತಾಯಿಮನೆಯಿಂದ ಸ್ಟೇಷನ್ನಿಗೆ ಕರೆಸಿದರು. ಕುರ್ಚಿಯ ತುದಿಯಲ್ಲಿ ಕೂತು ಹೇಳಿದಳು.

"ಕ್ಯಾಮೆರಾ ಹಾಕಿಸಿದ್ದು ನಾನೇ ಮೇಡಂ. ಹನ್ನೊಂದು ವರ್ಷ ಮಸ್ಕತ್‌ನಲ್ಲಿ ಒಬ್ಬರೇ ಇದ್ರು. ಪಾಪ, ನಮ್ಮನ್ನು ನೋಡ್ಲಿ ಅಂತ. ವಾಪಸು ಬಂದ ಮೇಲೂ ಅದನ್ನೇ ನೋಡುದು. ನಾನು ಬಡಿಸಿ ಕರೀತೇನೆ. ಇವರು ಕೋಣೆಯಲ್ಲಿ ಕೂತು, ಆರು ವರ್ಷದ ಹಿಂದೆ ನಾನು ಬಡಿಸುದನ್ನು ನೋಡ್ತಾ ಇರ್ತಾರೆ. ಎಷ್ಟು ದಿನ ಕರೆಯುದು?"

ಆ ದೃಶ್ಯಗಳನ್ನು ತುಂಬಿಸಿಟ್ಟಿದ್ದ ಹಳೆ ಡಿಸ್ಕುಗಳು ಒಂದೊಂದಾಗಿ ಸಾಯತೊಡಗಿದಾಗ ಮುಖೇಶ್ ಹೆದರಿದ್ದ. ಒಂದಿದ್ದಲ್ಲಿ ಎರಡು ಪ್ರತಿ ಬೇಕೆನಿಸಿತು, ಆಮೇಲೆ ಮೂರು. ಅಗ್ಗದ ಡಬ್ಬಿಗಳನ್ನು ಕೊಳ್ಳುವುದಕ್ಕೂ ಸಂಬಳ ಸಾಲದಾದಾಗ ಮೋಸಕ್ಕೆ ಇಳಿದ. ಅವನು ಮಾರುವುದಕ್ಕೆಂದು ಒಂದನ್ನೂ ಕದ್ದಿರಲಿಲ್ಲ.

ನಳಿನಾಕ್ಷಿ ಒಂದು ಬಿಳಿ ಹಾಳೆ ಮುಂದಿಟ್ಟರು. "ಡಿಸ್ಕು ಇಜಾಝ್‌ಗೆ ಹೋಗ್ತದೆ. ಅದಕ್ಕೆ ಮೊದಲು ವಿಡಿಯೊ ಕಾಪಿ ಮಾಡಿ ಕೊಡಿ ಅಂತ ನೀವು ಕೋರ್ಟಿಗೆ ಅರ್ಜಿ ಹಾಕ್ಬಹುದು. ಅದರಲ್ಲಿ ಇರುವುದು ನೀವು, ನಿಮ್ಮ ಮಗಳು. ನೀವು ಕೇಳದಿದ್ರೆ ಅಳಿಸಿಯೇ ಕೊಡುವುದು."

ಬೆಂಚಿನಿಂದ ಮುಖೇಶ್ ಹೇಳಿದ, "ಬರಿ ಸಂಚಿತಾ. ಪ್ರಾಪ್ತಿ ಮೊದಲ ಸಲ ಶಾಲೆಗೆ ಹೋದದ್ದು ಉಂಟು ಅದರಲ್ಲಿ."

"ಪ್ರಾಪ್ತಿಗೆ ಈಗ ಹದಿಮೂರು. ಹೋದ ವಾರ ಸೈಕಲಿಂದ ಬಿದ್ದು ಕೈ ಮುರ್ಕೊಂಡಿದ್ದಾಳೆ. ನಿಮಗೆ ಗೊತ್ತುಂಟಾ?"



ಸಂಚಿತಾ ಹಾಳೆಯನ್ನು ಒಮ್ಮೆ ನೋಡಿದಳು. ಪೆನ್ನು ಮುಟ್ಟಲಿಲ್ಲ. "ಹೊರಗೆ ರಿಕ್ಷಾ ನಿಲ್ಲಿಸಿದ್ದೇನೆ," ಎಂದು ಚೀಲ ಎತ್ತಿಕೊಂಡು ಮೆಟ್ಟಿಲಿಳಿದಳು.

ರಿಕ್ಷಾಕ್ಕೆ ಬಾಡಿಗೆ ಕೊಟ್ಟು ವಾಪಸು ಬರಬಹುದೆಂದು ಜಯ ಅವಳ ಕುರ್ಚಿ ಸರಿಸಿಟ್ಟ. ಮುಖೇಶ್ ಬಾಗಿಲು ನೋಡುತ್ತಾ ಕೂತ. ಸಂಜೆ ಅವನನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಲು ಕರೆದೊಯ್ಯುವವರೆಗೂ ಆಕೆ ಬರಲಿಲ್ಲ. ಆಮೇಲೂ ಬರಲಿಲ್ಲ.