ಚಪ್ಪಾಳೆ ನುಂಗದ ಗೋಡೆ

"ಅಮ್ಮಾ, ನನ್ನ ಗೋಡೆ ಕೆಟ್ಟುಹೋಯ್ತು!" ಎಂದು ರಶ್ಮಿ ವಿಶಾಲಮ್ಮನವರ ಮನೆ ಬಾಗಿಲಲ್ಲೇ ಅತ್ತುಬಿಟ್ಟಾಗ ಮೀರಾಗೆ ನಗು ತಡೆಯಲಾಗಲಿಲ್ಲ. ಗೋಡೆಯೇನು ಹಾಲೇ, ಕೆಟ್ಟುಹೋಗುವುದಕ್ಕೆ? ಆದರೆ ವಿಶಾಲಮ್ಮ ನಗಲಿಲ್ಲ. ಹೊಸಮನೆ ಬಡಾವಣೆಯಲ್ಲಿ ಸರ ಕಳೆದರೂ ಅಳಿಯ ಕಾಣೆಯಾದರೂ ಜನ ಹುಡುಕಿಕೊಂಡು ಬರುತ್ತಿದ್ದುದು ಈ ನಿವೃತ್ತ ಹೆಡ್ ನರ್ಸ್ ಮನೆಗೇ. ಪಕ್ಕದ ಮನೆಯ ಮೀರಾ ಜೊತೆಗಿಲ್ಲದೆ ಆಕೆ ಎಲ್ಲಿಗೂ ಹೊರಡುತ್ತಿರಲಿಲ್ಲ.

ರಶ್ಮಿ ಮಾಚೇನಹಳ್ಳಿಯ ಶೆಡ್ಡಿನಲ್ಲಿ ಹಳೇ ಪೇಪರು, ದರ್ಜಿ ಅಂಗಡಿಯ ಚಿಂದಿ ಅರೆದು, ಒತ್ತಿ, ಸದ್ದು ಹೀರುವ ಗೋಡೆಹಲಗೆ ಮಾಡುತ್ತಿದ್ದಳು. ಅವುಗಳ ಮೇಲೆ ಚೆಂದದ ರಂಗೋಲಿ ಚಿತ್ತಾರ. ಭದ್ರಾವತಿಯ ಕಿವಿಮಂದ ಮಕ್ಕಳ ಶಾಲೆಯದ್ದೇ ಅವಳ ಮೊದಲ ಕೆಲಸ. ಗೋಡೆ ಪ್ರತಿಧ್ವನಿಸಿದರೆ ಕಿವಿಗೆ ಮಿಷನ್ ಹಾಕಿಕೊಂಡ ಮಕ್ಕಳಿಗೆ ಮಾತೆಲ್ಲ ಕಲಸಿಹೋಗುತ್ತಿತ್ತು.

"ಹೋದ ವಾರ ಕೂರಿಸಿದಾಗ ಚಪ್ಪಾಳೆ ಹೊಡೆದರೂ ಸದ್ದು ಅಲ್ಲೇ ಸಾಯ್ತಿತ್ತಮ್ಮ. ಚಿಂದಿ ತರೋಕೆ ಆಯನೂರಿಗೆ ಹೋಗಿ ಬರೋಷ್ಟರಲ್ಲಿ ಗೋಡೆ ಸದ್ದನ್ನ ವಾಪಸ್ ಹೊಡೀತಿದೆ! ಒಂದು ಹಲಗೇನೂ ಕಳುವಾಗಿಲ್ಲ. ನಾನೇ ಒಳ್ಳೇದು ತೋರಿಸಿ ರಟ್ಟು ಕೂರಿಸಿದೀನಿ ಅಂತಾರೆ ಶಾಲೆ ಕಮಿಟಿ ಅಧ್ಯಕ್ಷರು ಗಂಗಾಧರಪ್ಪೋರು. ನಾಳೆ ಕಮಿಟಿಯಲ್ಲಿ ಮೋಸಗಾತಿ ಅಂತ ಹೇಳಿದ್ರೆ ಶೆಡ್ಡಿಗೆ ಬೀಗಾನೇ."

"ಅಳಬೇಡ ಮಾರಾಯ್ತಿ," ಎಂದರು ವಿಶಾಲಮ್ಮ. "ಶಾಲೆಯ ಆ ಕೋಣೆ ಬೀಗದ ಕೈ ಯಾರ್‍ಯಾರ ಹತ್ರ ಇತ್ತು?"

"ವಾಚ್‌ಮನ್ ಜಯಪ್ಪ, ನನ್ನ ಫಿಟ್ಟರ್ ಯೋಗೇಶ್, ಅಧ್ಯಕ್ಷರು ಗಂಗಾಧರಪ್ಪೋರು."

ಮರುದಿನ ಶಾಲೆಯ ಅಂಗಳದಲ್ಲಿ ಗಂಗಾಧರಪ್ಪನವರ ಸ್ಕೂಟರ್ ನಿಂತಿತ್ತು. ಹೆಡ್‌ಲೈಟಿನ ಮೇಲೆ ಎರಡೇ ವಿಭೂತಿ ಗೆರೆ, ನಡುವೆ ಖಾಲಿ. ಅವಸರದ ಭಕ್ತಿ ಎಂದುಕೊಂಡು ಮೀರಾ ಮುಂದೆ ನಡೆದಳು.

ಕೋಣೆಯ ತುಂಬ ಸಾಂಬ್ರಾಣಿ ಘಾಟು. "ಶುಭಕ್ಕೆ ಅಂತ ದಿನಾ ಹಾಕಿಸ್ತಿದೀನಿ," ಎಂದರು ಗಂಗಾಧರಪ್ಪ. ಅವರ ಬಲಗೈಯ ನಡುಬೆರಳು ಎಂದೋ ಮುರಿದು ಒಳಕ್ಕೆ ಬಾಗಿತ್ತು. ಮೀರಾ ಚಪ್ಪಾಳೆ ತಟ್ಟಿದಳು. ಗೋಡೆ ಅವಳನ್ನೇ ಅಣಕಿಸಿತು.

ವಿಶಾಲಮ್ಮ ನೀರು ತರಿಸಿ ಹಲಗೆಯ ಮೇಲೆ ಚಿಮುಕಿಸಿದರು. ಹನಿಗಳು ಕೆಸುವಿನ ಎಲೆಯ ಮೇಲಿನಂತೆ ಜಾರಿ ಬಿದ್ದವು. ಬಾಗಿಲ ಪಕ್ಕದ ಮೊದಲ ಹಲಗೆಯ ಮೂಲೆಯನ್ನು ಒದ್ದೆ ಬೆರಳಿಂದ ತಿಕ್ಕಿ ತಿಕ್ಕಿ ನೋಡಿದರು. ಆಮೇಲೆ ಕಮಿಟಿಯವರೂ ಸೇರಿದಂತೆ ಎಲ್ಲರನ್ನೂ ಕೂರಿಸಿದರು.

"ಹಲಗೆ ಬದಲಾಗಿಲ್ಲ, ಅದರ ಉಸಿರು ಕಟ್ಟಿದೆ. ಪೇಪರು ನೀರು ಕುಡೀಬೇಕಿತ್ತು, ಕುಡೀಲಿಲ್ಲ. ಯಾಕೆ? ಮೇಲೆ ಬಣ್ಣವಿಲ್ಲದ ವಾರ್ನಿಷ್ ಹೊಡೆದಿದಾರೆ. ತೂತು ಮುಚ್ಚಿದ್ರೆ ಸದ್ದು ಎಲ್ಲಿಗೆ ಹೋಗುತ್ತೆ? ವಾಪಸ್ ಬರುತ್ತೆ. ವಾಸನೆ ಮುಚ್ಚೋಕೆ ಸಾಂಬ್ರಾಣಿ."

"ಯೋಗೇಶನ ಕೆಲಸ!" ಎಂದರು ಗಂಗಾಧರಪ್ಪ.

"ಯೋಗೇಶನಿಗೆ ವಾರ್ನಿಷ್ ಹಚ್ಚಬಾರದು ಅಂತ ಗೊತ್ತು. ಜಯಪ್ಪ ತಾನಾಗೇ ಗೋಡೆ ಮುಟ್ಟೋನಲ್ಲ. ಈ ಮೂಲೇಲಿ ವಿಭೂತಿ ಗೆರೆ ಇದೆ. ಒದ್ದೆ ಬೆರಳಲ್ಲಿ ತಿಕ್ಕಿದರೂ ಹೋಗಲ್ಲ. ಅಂದರೆ ವಾರ್ನಿಷ್ ಅದರ ಮೇಲಿದೆ. ಯಾವ ಕೆಲಸಕ್ಕೂ ಮೊದಲು ವಿಭೂತಿ ಹಚ್ಚೋರು ಯಾರೋ ಶುರು ಮಾಡಿದಾರೆ. ಮೂರು ಗೆರೆ ಇರಬೇಕಿತ್ತು, ಇರೋದು ಎರಡು. ನಡುಬೆರಳು ತಾಗೇ ಇಲ್ಲ."

ಮೀರಾಗೆ ಸ್ಕೂಟರಿನ ಮೇಲಿನ ಎರಡು ಗೆರೆ ನೆನಪಾಯಿತು. ಎಲ್ಲರ ಕಣ್ಣೂ ಗಂಗಾಧರಪ್ಪನವರ ಕೈಗೆ ಹೋಯಿತು. ಅವರು ಕೈಯನ್ನು ಪಂಚೆಯ ಮಡಿಕೆಯಲ್ಲಿ ಅಡಗಿಸಲು ನೋಡಿ, ಬಿಟ್ಟರು.

"ವಾರ್ನಿಷ್ ಹೊಡಿ, ಇಲ್ಲಾಂದ್ರೆ ಗೆದ್ದಲು ಹಿಡಿಯುತ್ತೆ ಅಂದೆ. ಈ ಹುಡುಗಿ ಕೇಳಲಿಲ್ಲ. ನಾನೇ ಹೊಡೆದೆ. ಹಾಳಾಗಿದ್ದು ಗೊತ್ತಾದಾಗ... ಹಿರಿಯ ಅನ್ನಿಸಿಕೊಂಡೋನು ಹೆಂಗೆ ಹೇಳಲಿ?"

"ಅದಕ್ಕೆ ನನ್ನ ಮೋಸಗಾತಿ ಮಾಡಿದ್ರಾ?" ರಶ್ಮಿ ಅವರ ಮುಂದೆ ಹೋಗಿ ನಿಂತಳು. ಮೀರಾಗೆ ಎದ್ದು ಹೋಗಿ ಅವರಿಗೆ ನಾಲ್ಕು ಮಾತು ಅಂದುಬಿಡುವಷ್ಟು ಸಿಟ್ಟು ಬಂತು.

"ತಪ್ಪು ನಂದೇ ಕಣಮ್ಮ. ಇವಳದ್ದು ಏನೂ ಇಲ್ಲ, ಎಲ್ಲರೂ ಕೇಳಿಸ್ಕೊಳ್ಳಿ," ಎಂದು ಅವರು ಕಮಿಟಿಯವರ ಮುಂದೆ ಕೈ ಮುಗಿದರು.

ರಶ್ಮಿ ಕಣ್ಣೊರೆಸಿಕೊಂಡು ಒಂದು ಹಲಗೆ ಕಳಚಿ ತಿರುಗಿಸಿ ಕೂರಿಸಿದಳು. ಹಿಂಬದಿಗೆ ವಾರ್ನಿಷ್ ತಾಗಿರಲಿಲ್ಲ. ಚಿತ್ತಾರ ಗೋಡೆಯತ್ತ ಹೋಯಿತು, ಬರೀ ಬೂದುಬಣ್ಣ ಕೋಣೆಯತ್ತ ಉಳಿಯಿತು. ಎಲ್ಲವನ್ನೂ ತಿರುಗಿಸಿದ ಮೇಲೆ ಮೀರಾ ಮತ್ತೆ ಚಪ್ಪಾಳೆ ತಟ್ಟಿದಳು. ಸದ್ದು ಅಲ್ಲೇ ಅಡಗಿತು.

ಗಂಗಾಧರಪ್ಪ ಅಭ್ಯಾಸಬಲದಿಂದ ಜೇಬಿನ ವಿಭೂತಿ ಗಟ್ಟಿ ತೆಗೆದರು. ಗೋಡೆಯ ಹತ್ತಿರ ಹೋದವರು ನಿಂತು, ಅದನ್ನು ರಶ್ಮಿಯ ಮುಂದೆ ಹಿಡಿದರು.

"ಈ ಸಲ ನೀನೇ ಹಚ್ಚಮ್ಮ."

ರಶ್ಮಿ ಗಟ್ಟಿ ತೆಗೆದುಕೊಂಡು ಬಾಗಿಲ ಚೌಕಟ್ಟಿನ ಮೇಲೆ ಮೂರು ಗೆರೆ ಎಳೆದಳು. ಹಲಗೆಯನ್ನು ಮಾತ್ರ ಮುಟ್ಟಲಿಲ್ಲ.