ಪುಟದ ಮೂಲೆಯ ದೇಣಿಗೆ ಪೆಟ್ಟಿಗೆ

ಆಮಂತ್ರಣ ಪತ್ರಿಕೆಯಲ್ಲಿ ಅರವತ್ತೆರಡು ಹೆಸರುಗಳಿದ್ದವು. ಶಾಮಿಯಾನದವನದಿತ್ತು, ನೀರಿನ ಟ್ಯಾಂಕರ್ ಕಳಿಸುವವನದಿತ್ತು, ಅಧ್ಯಕ್ಷರ ಬೀಗರದೂ ಇತ್ತು. ಹುಲಿಗೇಶನದಿರಲಿಲ್ಲ.

ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನೆದುರಿನ ಇಂಟರ್ನೆಟ್ ಸೆಂಟರಿನಲ್ಲಿ ಎರಡು ತಿಂಗಳು ಕಣ್ಣು ಕೆಂಪಗೆ ಮಾಡಿಕೊಂಡು ‘ಮೂರೂರ ಸಂಗೀತೋತ್ಸವ’ದ ಜಾಲತಾಣ ಕಟ್ಟಿದವನು ಅವನು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಹಾಡುಗಾರರನ್ನೆಲ್ಲ ಒಂದೇ ವೇದಿಕೆಗೆ ತರುವ ಉತ್ಸವವದು. ಪುಟದ ಮೂಲೆಯಲ್ಲಿ ತಂಬೂರಿ ಚಿತ್ರದ ದೇಣಿಗೆ ಪೆಟ್ಟಿಗೆ ಕೂರಿಸಿದವನೂ ಅವನೇ. ಅದನ್ನೊತ್ತಿ ಕಾರ್ಡಿನ ನಂಬರು ಹಾಕಿದರೆ, ದುಬೈ, ಮಸ್ಕತ್‌ನಲ್ಲಿ ಕುಂತವರ ದುಡ್ಡು ಸಮಿತಿಯ ಖಾತೆಗೆ ಬಂದು ಬೀಳುತ್ತಿತ್ತು. ಎರಡು ಸಾವಿರದ ಒಂಬತ್ತರಲ್ಲಿ ಇಂಥದ್ದನ್ನು ಆ ಸೀಮೆಯಲ್ಲಿ ಇನ್ನಾರೂ ಕಂಡಿರಲಿಲ್ಲ.

ಪತ್ರಿಕೆ ಹಿಡಿದು ಬ್ಯಾಡಗಿಗೆ ಹೋದ. ಸಮಿತಿಯ ಅಧ್ಯಕ್ಷ ಪ್ರಭುಲಿಂಗಪ್ಪ ತನ್ನ ದಲಾಲಿ ಅಂಗಡಿಯ ಗಾದಿಗೆ ಒರಗಿಕೊಂಡಿದ್ದ.

“ಏ ತಮ್ಮಾ, ಡಾಕ್ಟ್ರು ವಕೀಲ್ರು ಇರೋ ಸಾಲಿನ್ಯಾಗ ಎಂಟನೇತ್ತಾಕ್ಕ ಸಾಲಿ ಬಿಟ್ಟವನ ಹೆಸರ ಹೆಂಗ ಹಾಕೂದೋ? ಮಂದಿ ನಗ್ತಾರ. ಕುಂದ್ರು, ಚಾ ಕುಡದ ಹೋಗು.”

“ಚಾ ರಾಣೆಬೆನ್ನೂರಾಗೂ ಸಿಗ್ತೈತ್ರಿ,” ಎಂದು ಹುಲಿಗೇಶ ಎದ್ದು ಬಂದ.

ಬಸ್ಸಿನಲ್ಲಿ ಕುಂತಲ್ಲಿ ಕೂರಲಾಗಲಿಲ್ಲ. ಸೀಟು ಬದಲಿಸಿದ, ಎದ್ದು ನಿಂತ, ಬಾಗಿಲಿಗೆ ಜೋತುಬಿದ್ದ. ಊರು ಬರುವಷ್ಟರಲ್ಲಿ ಯೋಜನೆ ತಯಾರಾಗಿತ್ತು. ಪೆಟ್ಟಿಗೆಯೊಳಗಿನ ಒಂದೇ ಒಂದು ಸಾಲು ಬದಲಿಸಿದರೆ ದುಡ್ಡು ಬೇರೆ ಖಾತೆಗೆ ಹರಿಯುತ್ತದೆ. ಹೊರಗೆ ತಂಬೂರಿ ಹಾಗೇ ನಗುತ್ತಿರುತ್ತದೆ. ಸಮಿತಿಯ ಒಬ್ಬನೂ ಆ ಪುಟದ ಒಳಹೊಕ್ಕು ನೋಡಿದವನಲ್ಲ. ಅದರ ಪಾಸ್‌ವರ್ಡ್ ಇದ್ದದ್ದು ಎಂಟನೇತ್ತಾ ಬಿಟ್ಟವನ ತಲೆಯಲ್ಲಿ ಮಾತ್ರ. ಆ ದುಡ್ಡಲ್ಲಿ ಹುಬ್ಬಳ್ಳಿಯಲ್ಲಿ ಒಂದು ಮಳಿಗೆ, ನಾಲ್ಕು ಕಂಪ್ಯೂಟರ್. ಅಲ್ಲಿ ಅವನ ಮಾರ್ಕ್ಸ್ ಕಾರ್ಡು ಕೇಳುವವರಿರುವುದಿಲ್ಲ.

ಖಾತೆ ತನ್ನ ಹೆಸರಲ್ಲಿರಬಾರದು. ಅವನು ಗುತ್ತಲಕ್ಕೆ ಹೋದ. ಅಲ್ಲಿನ ಸಂತೆಯಲ್ಲಿ ಎಲೆ ಅಡಿಕೆ ಮಾರುವ ಮುದುಕವ್ವ ತಾಯಿಯ ಕಡೆಯಿಂದ ಅವನಿಗೆ ಅಜ್ಜಿಯಾಗಬೇಕು. ಉತ್ಸವದವರಿಗೂ ಅವಳಿಗೂ ಎತ್ತಣ ಸಂಬಂಧ? ಬ್ಯಾಂಕಿನಲ್ಲಿ ಕಾಗದದ ಮೇಲೆ ಕಾಗದ ಇಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡ.

“ಎಷ್ಟ ಕಡೆ ಒತ್ತಸ್ತೀಯೋ ಹುಲಿಗ್ಯಾ? ನನ್ನ ಲಗ್ನದಾಗ ಅರಿಷಿಣನೂ ಇಷ್ಟ ಹಚ್ಚಿರಲಿಲ್ಲ.”

“ಸರ್ಕಾರದ ಪಿಂಚಣಿ, ಆಯಿ. ಲಗೂ ಒತ್ತು.”

ಉಳಿದದ್ದನ್ನು ಅವಸರ ಮಾಡದೆ ಮಾಡಿದ. ಮೊದಲ ತಿಂಗಳು ಪೈಸೆ ಮುಟ್ಟಲಿಲ್ಲ. ಸಮಿತಿಗೆ ನಂಬಿಕೆ ಬರಲಿ. ಕೊನೆಯ ಹನ್ನೆರಡು ದಿನ, ಊರ ಅಭಿಮಾನ ಉಕ್ಕಿ ದೇಣಿಗೆ ಜೋರಾಗುವ ಹೊತ್ತಿಗೆ, ಆ ಸಾಲು ಬದಲಿಸಿದ. ದೇಣಿಗೆಯ ಸುದ್ದಿ ಸಮಿತಿಗೆ ಹೋಗದಂತೆ ಪೆಟ್ಟಿಗೆಗೆ ಹೊಸ ಇಮೇಲ್ ವಿಳಾಸ ಕೊಟ್ಟ. ಎಷ್ಟು ದೇಣಿಗೆ ಬಂತೆಂದು ತೋರಿಸುವ ಪುಟದಲ್ಲಿನ ಅಳತೆಪಟ್ಟಿಯನ್ನು ದಿನಾ ಕೂದಲೆಳೆಯಷ್ಟು ತಾನೇ ಏರಿಸಿದ. ಹೆಸರು ಬರಲಿಲ್ಲವೆಂದು ಯಾರೂ ತಕರಾರು ತೆಗೆಯದಿರಲೆಂದು, ಕೊಟ್ಟವರ ಪಟ್ಟಿ ಬರೆದು ಮೈಕಿನವನಿಗೆ ತಾನೇ ಒಪ್ಪಿಸಿದ. ಹೆಸರು ಮಾತ್ರ, ಮೊತ್ತವಿಲ್ಲ. “ಮೊತ್ತ ಹೇಳಬ್ಯಾಡ್ರಿ ಅಂದಾರವ್ರು. ದೊಡ್ಡ ಮನಸ್ಸಿನ ಮಂದಿ,” ಎಂದ.

ಆದರೂ ಎದೆಯೊಳಗೆ ಏನೋ ಗುಯ್‌ಗುಟ್ಟುತ್ತಲೇ ಇತ್ತು. ಅದು ಹೆದರಿಕೆಯಲ್ಲ, ಸಿಟ್ಟು ಎಂದು ತನಗೆ ತಾನೇ ಹೇಳಿಕೊಂಡ. ಭಾನುವಾರ ಉತ್ಸವ. ಸೋಮವಾರ ಮುದುಕವ್ವನ ಇನ್ನೊಂದು ಹೆಬ್ಬೆಟ್ಟು, ಹಣ ಕೈಗೆ, ಹುಬ್ಬಳ್ಳಿ ಬಸ್ಸು. ಉತ್ಸವಕ್ಕೆ ಹೋಗದಿದ್ದರೆ ಅನುಮಾನ ಬರುತ್ತದೆಂದು ಇಸ್ತ್ರಿ ಅಂಗಿ ಹಾಕಿಕೊಂಡು ಬ್ಯಾಡಗಿಯ ಶಾಲೆ ಮೈದಾನಕ್ಕೆ ಹೋಗಿ, ಎಲ್ಲರಿಗೂ ಕಾಣುವಂತೆ ವೇದಿಕೆಯ ಪಕ್ಕದಲ್ಲೇ ನಿಂತ.

ಹೊತ್ತು ಮುಳುಗುವ ಮುಂಚೆ ಪ್ರಭುಲಿಂಗಪ್ಪ ಕಾಗದದ ಕಂತೆ ಹಿಡಿದು ಮೈಕಿಗೆ ಬಂದ. “ಹಿರಿಯರ, ಮೊತ್ತ ಕೂಗಬ್ಯಾಡಂತ ಪಟ್ಟಿ ಬಂದಿತ್ತು. ಆದ್ರ ನಮ್ಮ ಮಂದಿ ಬಿಡ್ತಾರೇನು? ಪರದೇಶದಾಗಿದ್ದವರು ತಮ್ಮ ತಮ್ಮ ಮನ್ಯಾಗಿನವರ ಕೈಲೆ ಪಾವತಿ ಚೀಟಿ ಕಳಿಸ್ಯಾರ, ಓದ್ರಿ ಅಂತ. ಮೂವತ್ತೇಳು ಪಾವತಿ! ಎಲ್ಲಾದರ ಮ್ಯಾಲೂ ಒಂದ ಹೆಸರು, ಒಂದ ಊರು ನೋಡ್ರಿ! ಮೂವತ್ತೇಳು ಮಂದಿ ಕೈಲೆ ಮೂವತ್ತೇಳು ಸಲ ಕೊಟ್ಟ ಮಹಾತಾಯಿ, ಗುತ್ತಲದ ಮುದುಕವ್ವ! ಕಾರು ಕಳಿಸಿ ಕರಿಸೇವಿ. ಬಾರವ್ವಾ ಮ್ಯಾಲೆ!”

ಹೊಸ ಶಾಲಿನೊಳಗೆ ಮುದುಕವ್ವ ಗುಬ್ಬಚ್ಚಿಯಂತೆ ನಿಂತು ಮೈಕನ್ನೇ ದಿಟ್ಟಿಸಿದಳು.

“ನಾ ಎಲ್ಲಿ ಕೊಟ್ಟೇನ್ರಿ ಯಪ್ಪಾ? ನನ್ನ ಹಂತ್ಯಾಕ ಎಲ್ಲೈತಿ ರೊಕ್ಕ? ನಮ್ಮ ಹುಲಿಗ್ಯಾ ಬಂದು ಹೆಬ್ಬಟ್ಟ ಒತ್ತಿಸಿಕೊಂಡ ಹೋಗ್ಯಾನ. ಅಗೋ, ಅಲ್ಲೇ ನಿಂತಾನಲ್ಲ, ಅವನ್ನ ಕೇಳ್ರಿ.”

ಸಾವಿರ ತಲೆಗಳು ಅವನ ಕಡೆ ಹೊರಳಿದವು. ಮುಂದಿನ ಸಾಲಿನಲ್ಲಿದ್ದ ವಕೀಲರು ಎದ್ದು, ಕಂತೆಯಿಂದ ಒಂದು ಹಾಳೆ ಇಸಿದುಕೊಂಡು ಕನ್ನಡಕ ಏರಿಸಿ ಓದಿದರು. ಆ ಕಡೆಯ ಪಾವತಿ ಪುಸ್ತಕದಲ್ಲಿ ಮೇಲೆ ಬರೆಯುವುದು ಕೊಟ್ಟವರ ಹೆಸರು. ಪ್ರಭುಲಿಂಗಪ್ಪ ಹಾಗೆಂದೇ ತಿಳಿದಿದ್ದ. “ಪ್ರಭುಲಿಂಗಪ್ನೋರ, ಇದು ಕೊಟ್ಟವರ ಹೆಸರಲ್ರಿ,” ವಕೀಲರ ದನಿ ಮೈಕಿಗೂ ಕೇಳಿಸಿತು, “ರೊಕ್ಕ ತಗೊಂಡವರದು.” ಪ್ರತಿ ಸಲ ದುಡ್ಡು ನುಂಗಿದಾಗಲೂ ಪೆಟ್ಟಿಗೆಯು ದುಡ್ಡು ಕೊಟ್ಟವನಿಗೆ, ತಗೊಂಡವರ ಹೆಸರು ಹಾಕಿ, ಹೀಗೊಂದು ಪಾವತಿ ಕಳಿಸುತ್ತದೆಂಬುದು ಹುಲಿಗೇಶನಿಗೆ ಆಗಲೇ ಗೊತ್ತಾದದ್ದು. ಆ ಪೆಟ್ಟಿಗೆಯನ್ನು ಅವನು ನೂರು ಸಲ ಬಿಚ್ಚಿ ಕಟ್ಟಿದ್ದ. ಒಂದು ರೂಪಾಯಿಯನ್ನೂ ಅದಕ್ಕೆ ಹಾಕಿ ನೋಡಿರಲಿಲ್ಲ. ಹಾಕಲು ಅವನ ಹತ್ತಿರ ಕಾರ್ಡೇ ಇರಲಿಲ್ಲ.